ಕೆಳಗೆ ನಿಂತವರು

ಇನ್ಸ್‌ಬ್ರುಕ್‌ಗೆ ಬಂದ ಮೇಲೆ ನಾನು ಅತಿ ಹೆಚ್ಚು ಕೇಳಿಸಿಕೊಂಡ ವಾದ ರಾಜಕೀಯದ್ದಲ್ಲ, ನಾನು ಓದಲು ಬಂದ ತತ್ವಶಾಸ್ತ್ರದ್ದೂ ಅಲ್ಲ, ಮೊಣಕಾಲಿನದು. ತಿರುವಿನಲ್ಲಿ ಹೊರಗಿನ ಕಾಲಿನ ಮೇಲೆ ಎಷ್ಟು ಭಾರ ಬೀಳಬೇಕು, ಸೊಂಟ ಯಾವ ದಿಕ್ಕಿಗೆ ಮುಖ ಮಾಡಬೇಕು, ಭುಜ ತಿರುಗಬೇಕೋ ಸುಮ್ಮನಿರಬೇಕೋ ಎಂಬುದನ್ನು ಇಲ್ಲಿಯ ಜನ ಕ್ಯಾಂಟೀನಿನಲ್ಲಿ, ಬಸ್ಸಿನಲ್ಲಿ, ಒಮ್ಮೆ ನಾನೇ ಕಂಡಂತೆ ಒಬ್ಬರ ಪಿಎಚ್‌ಡಿ ಮೌಖಿಕ ಪರೀಕ್ಷೆ ಮುಗಿದ ಮರುಗಳಿಗೆಯಲ್ಲಿ, ಎದ್ದು ನಿಂತು ಮೈಕೈ ಆಡಿಸಿ ಚರ್ಚಿಸುತ್ತಾರೆ. ನಮ್ಮಲ್ಲಿ ಕ್ರಿಕೆಟ್ ಬಗ್ಗೆ ಮಾತಾಡುವವರಲ್ಲಿ ಬ್ಯಾಟು ಹಿಡಿಯದವರೇ ಹೆಚ್ಚು. ಇಲ್ಲಿ ಮಾತಾಡುವವರೆಲ್ಲ ಮಾಡುವವರೇ. ಹಾಗಾಗಿ ವಾದದ ಬಿಸಿಯೂ ಜಾಸ್ತಿ.

ತಿಪಟೂರಿನ ಕಡೆಯಿಂದ ಬಂದ ನನಗೆ ಮೊದಲ ಚಳಿಗಾಲದಲ್ಲಿ ಇದೆಲ್ಲ ತಮಾಷೆಯಾಗಿ ಕಂಡಿತ್ತು. ಮಂಜೆಂದರೆ ನಮಗೆ ಧನುರ್ಮಾಸದ ಬೆಳಗಿನದು, ಒಂಬತ್ತು ಗಂಟೆಯ ಬಿಸಿಲಿಗೆ ಕರಗಿ ಹೋಗುವಂಥದ್ದು. ಅದರ ಮೇಲೆ ಜಾರುವುದಕ್ಕೆ ಒಂದು ಶಾಸ್ತ್ರ, ಆ ಶಾಸ್ತ್ರಕ್ಕೆ ಪಂಥಗಳು, ಪಂಥಗಳ ನಡುವೆ ನೂರು ವರ್ಷದ ಜಗಳ ಇರಬಹುದೆಂದು ಊಹಿಸಿರಲಿಲ್ಲ. ಎರಡನೆಯ ಚಳಿಗಾಲದಲ್ಲಿ ನಾನೂ ಕಲಿಯಲು ಹೊರಟೆ. ಮೂರನೆಯದರಲ್ಲಿ ವಾದದಲ್ಲಿ ಒಂದು ಪಕ್ಷ ಹಿಡಿದೆ. ಅದೇ ವರ್ಷ ನನ್ನಿಂದ ಒಬ್ಬರ ಕೈ ಮುರಿಯಿತು. ಈ ಬರಹ ಆ ವಾದದ ಬಗ್ಗೆ. ಆದರೆ ಆ ಘಟನೆಯನ್ನು ಬಿಟ್ಟು ವಾದವನ್ನು ಮಾತ್ರ ಹೇಳಲು ನನಗೆ ಈಗ ಆಗುವುದಿಲ್ಲ.

ಎರಡು ಪಕ್ಷಗಳನ್ನು ನನ್ನ ಇಬ್ಬರು ಪರಿಚಿತರ ಮೂಲಕ ಹೇಳುವುದು ಸುಲಭ. ಒಬ್ಬಳು ನನಗೆ ಸ್ಕೀ ಕಲಿಸಿದ ಗೆಳತಿ. ಭಾಷಾಶಾಸ್ತ್ರದ ಸಂಶೋಧಕಿ, ಚಳಿಗಾಲದ ವಾರಾಂತ್ಯಗಳಲ್ಲಿ ಮಕ್ಕಳಿಗೆ ಪಾಠ ಹೇಳಿ ಮನೆಬಾಡಿಗೆಯ ಒಂದು ಭಾಗ ದುಡಿದುಕೊಳ್ಳುತ್ತಾಳೆ. ಅವಳ ಪ್ರಕಾರ ಸ್ಕೀಯಿಂಗ್ ಎಂದರೆ ಡ್ರಿಲ್. ತಿರುವಿನಲ್ಲಿ ಒಳಗಾಲಿನ ಸ್ಕೀಯನ್ನು ಎತ್ತಿ ಹೊರಗಾಲಿನದರ ಮೇಲೆ ಭರ್ಜಿಯಂತೆ ಅಡ್ಡ ಹಿಡಿಯುವುದು. ಒಂದೇ ಸ್ಕೀ ಕಟ್ಟಿಕೊಂಡು ಇಳಿಯುವುದು. ಎರಡೂ ಕೋಲುಗಳ ತುದಿಯನ್ನು ಹಿಮಕ್ಕೆ ತಾಗಿಸಿ ಎಳೆದುಕೊಂಡೇ ಸಾಗುವುದು. ಭುಜ ವಾಲಿದರೆ ಒಂದು ಕೋಲು ಗಾಳಿಗೆ ಏಳುತ್ತದೆ, ತಪ್ಪು ಆ ಕ್ಷಣವೇ ಗೊತ್ತಾಗುತ್ತದೆ. ಇವೆಲ್ಲದರ ತಾಯಿ ಎಂದು ಅವಳು ಹೇಳುವುದು ಒಂದನ್ನು. ನಾನು ಅದಕ್ಕೆ ಅಡ್ಡಜಾರು ಎಂದು ಹೆಸರಿಟ್ಟುಕೊಂಡಿದ್ದೇನೆ. ಇಳಿಜಾರಿಗೆ ಅಡ್ಡಲಾಗಿ ನಿಲ್ಲಬೇಕು. ಸ್ಕೀಯ ಉಕ್ಕಿನ ಅಂಚು ಹಿಮವನ್ನು ಕಚ್ಚಿ ಹಿಡಿದಿರುತ್ತದೆ. ಪಾದವನ್ನು ಕೂದಲೆಳೆಯಷ್ಟು ಚಪ್ಪಟೆ ಮಾಡಿದರೆ ಹಿಡಿತ ಸಡಿಲಗೊಂಡು ಇಡೀ ದೇಹ ಪಕ್ಕಕ್ಕೆ, ಕೆಳಕ್ಕೆ ಜಾರುತ್ತದೆ. ಮತ್ತೆ ಅಂಚು ಕೊಟ್ಟರೆ ನಿಲ್ಲುತ್ತದೆ. ಜಾರು, ನಿಲ್ಲು, ಜಾರು, ನಿಲ್ಲು. ನೋಡುವವರಿಗೆ ಏಡಿ ಇಳಿದಂತೆ. ಬೆಟ್ಟದ ಮೇಲೆ ಇದರಷ್ಟು ಬೇಸರದ ಕೆಲಸ ಇನ್ನೊಂದಿಲ್ಲ.

ಇನ್ನೊಬ್ಬ ನನ್ನ ಜೊತೆ ಕೋಣೆ ಹಂಚಿಕೊಂಡಿರುವ ಸಹಸಂಶೋಧಕ. ಇಲ್ಲಿಯದೇ ಒಂದು ಕಣಿವೆಯ ಹಳ್ಳಿಯವನು. ನಡೆಯಲು ಕಲಿತ ಮರುವರ್ಷವೇ ಸ್ಕೀ ಕಟ್ಟಿಕೊಂಡವನು, ತರಗತಿಗೆ ಒಂದು ದಿನವೂ ಹೋಗದವನು. ಅವನ ವಾದ ಒಂದೇ ಸಾಲಿನದು: ಡ್ರಿಲ್ ಮಾಡಿದರೆ ಡ್ರಿಲ್ ಚೆನ್ನಾಗಿ ಬರುತ್ತದೆ, ಅಷ್ಟೆ. ಬೆಟ್ಟ ಯಾವತ್ತೂ ಭರ್ಜಿ ತಿರುವು ಮಾಡು ಎಂದು ಕೇಳುವುದಿಲ್ಲ. ಅದು ಒಂದು ಕಡೆ ಗಡ್ಡೆಗಟ್ಟಿರುತ್ತದೆ, ಒಂದು ಕಡೆ ಮೆತ್ತಗಿರುತ್ತದೆ, ನೆರಳಿನಲ್ಲಿ ಗಾಜಾಗಿರುತ್ತದೆ. ಸಾವಿರ ಸಲ ಇಳಿ, ಕಾಲು ತಾನೇ ಕಲಿಯುತ್ತದೆ. ನಾವು ಚಿಕ್ಕಂದಿನಲ್ಲಿ ಬಾಡಿಗೆ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ತುಳಿದು ಕಲಿತದ್ದನ್ನು ಹೇಳಿದಾಗ ಅವನಿಗೆ ಬಹಳ ಖುಷಿಯಾಯಿತು. ಅದನ್ನೇ ತಾನು ಹೇಳುತ್ತಿರುವುದು ಎಂದ.

ಅವನ ದೊಡ್ಡ ಸಾಕ್ಷಿ ನಮ್ಮ ಕಿಟಕಿಯಿಂದ ಕಾಣುವ ಪಾಚರ್‌ಕೋಫೆಲ್ ಬೆಟ್ಟ. 1976ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಪುರುಷರ ಡೌನ್‌ಹಿಲ್ ಸ್ಪರ್ಧೆ ನಡೆದದ್ದು ಅಲ್ಲಿ. ಹಳದಿ ಉಡುಪಿನ ಫ್ರಾಂಜ್ ಕ್ಲಾಮರ್ ಅಂದು ಇಳಿದ ಚಿತ್ರಣವನ್ನು ಆಸ್ಟ್ರಿಯಾದಲ್ಲಿ ನೋಡದವರಿಲ್ಲ. ಕೈಗಳು ಗಾಳಿಯಲ್ಲಿ ಬೀಸುತ್ತಿವೆ, ಒಂದು ಸ್ಕೀ ನೆಲ ಬಿಟ್ಟಿದೆ, ಇನ್ನೇನು ಬಿದ್ದ ಎಂದು ಪ್ರತಿ ಹತ್ತು ಸೆಕೆಂಡಿಗೊಮ್ಮೆ ಅನ್ನಿಸುತ್ತದೆ. ಯಾವ ಬೋಧಕನೂ ಆ ಇಳಿತವನ್ನು ಮಕ್ಕಳಿಗೆ ಮಾದರಿಯಾಗಿ ತೋರಿಸಲಾರ. ಅವನು ಸ್ವಿಟ್ಜರ್ಲೆಂಡಿನ ಬರ್ನ್‌ಹಾರ್ಡ್ ರುಸ್ಸಿಯನ್ನು 0.33 ಸೆಕೆಂಡಿನಿಂದ ಹಿಂದೆ ಹಾಕಿ ಚಿನ್ನ ಗೆದ್ದ. ಗೆಳತಿ ಇದಕ್ಕೆ ಉತ್ತರವಾಗಿ ಅಮೆರಿಕದ ಮಿಕೇಲಾ ಶಿಫ್ರಿನ್ ಹೆಸರು ಹೇಳುತ್ತಾಳೆ. ಬಾಲ್ಯದಲ್ಲಿ ಸ್ಪರ್ಧೆಗಳಿಗಿಂತ ಡ್ರಿಲ್‌ಗಳಿಗೇ ಹೆಚ್ಚು ಸಮಯ ಕೊಟ್ಟು ಬೆಳೆದವಳು, 2025ರ ಫೆಬ್ರುವರಿಯಲ್ಲಿ ಇಟಲಿಯ ಸೆಸ್ಟ್ರಿಯೆರೆಯಲ್ಲಿ ತನ್ನ 100ನೆಯ ವಿಶ್ವಕಪ್ ಸ್ಪರ್ಧೆ ಗೆದ್ದವಳು. ಅದಕ್ಕೆ ಅವನು ಬೋಡಿ ಮಿಲ್ಲರ್ ಹೆಸರು ಹೇಳುತ್ತಾನೆ: ತರಬೇತುದಾರರು ತಿದ್ದಲು ಹೋಗಿ ಕೈಬಿಟ್ಟ ಶೈಲಿಯಲ್ಲೇ 2005ರಲ್ಲಿ, ಮತ್ತೆ 2008ರಲ್ಲಿ ಇಡೀ ಋತುವಿನ ವಿಶ್ವಕಪ್ ಗೆದ್ದವನು. ಹೀಗೆ ಒಬ್ಬೊಬ್ಬ ವಿಜೇತರ ಹೆಸರನ್ನು ಇಸ್ಪೀಟಿನ ಎಲೆಯಂತೆ ಮೇಜಿಗೆ ಒಗೆಯುವುದರಲ್ಲಿ ಮಧ್ಯಾಹ್ನದ ಊಟ ಮುಗಿಯುತ್ತದೆ.

ಈ ಜಗಳದ ಹಳೆಯ ರೂಪ ಇನ್ನೂ ಸ್ವಾರಸ್ಯದ್ದು. ಸ್ಕೀ ಆಲ್ಪ್ಸ್‌ಗೆ ಬಂದದ್ದು ನಾರ್ವೆಯಿಂದ. ಅಲ್ಲಿಯ ಟೆಲೆಮಾರ್ಕ್ ತಿರುವು ಆ ನೆಲಕ್ಕೆ ಹೊಂದಿದ್ದು. ಆಲ್ಪ್ಸ್‌ನ ಕಡಿದಾದ ಇಳಿಜಾರಿಗೆ ಅದು ಸಾಲದೆಂದು ಲಿಲಿಯೆನ್‌ಫೆಲ್ಡ್ ಎಂಬಲ್ಲಿ ಒಬ್ಬನೇ ಕೂತು ಹೊಸ ವಿಧಾನ ಕಟ್ಟಿದವನು ಮಥಿಯಾಸ್ ಜ್ದಾರ್ಸ್ಕಿ. ಅವನ ಪುಸ್ತಕ 1896ರಲ್ಲಿ ಬಂತು. ಅವನ ಶಿಷ್ಯರು ಹಿಡಿಯುತ್ತಿದ್ದದ್ದು ಒಂದೇ ಉದ್ದ ಕೋಲು. ನಾರ್ವೆಯವರು ನಕ್ಕರು. ಆಮೇಲೆ ಗಿಯೋರ್ಗ್ ಬಿಲ್ಗೆರಿ ಎಂಬ ಸೇನಾಧಿಕಾರಿ ಎರಡು ಕೋಲು ಹಿಡಿದು ಎರಡೂ ಪದ್ಧತಿಗಳನ್ನು ಬೆರೆಸಿದಾಗ ಜ್ದಾರ್ಸ್ಕಿಗೆ ಅದು ದ್ರೋಹವಾಗಿ ಕಂಡಿತು. ಒಂದು ಕೋಲೋ ಎರಡು ಕೋಲೋ ಎಂಬ ಪ್ರಶ್ನೆ ದ್ವಂದ್ವಯುದ್ಧದ ಸವಾಲಿನವರೆಗೂ ಹೋಯಿತೆಂದು ಇಲ್ಲಿಯವರು ಹೇಳುತ್ತಾರೆ. ಇಲ್ಲಿಂದ ರೈಲಿನಲ್ಲಿ ಒಂದೂಕಾಲು ತಾಸು ದೂರದ ಸೇಂಟ್ ಆಂಟನ್‌ನಲ್ಲಿ ಹಾನ್ನೆಸ್ ಶ್ನೈಡರ್ 1920ರ ದಶಕದಲ್ಲಿ ಶಾಲೆಯನ್ನೇ ಕಟ್ಟಿದ. ಮೊದಲು ಸ್ಕೀಯ ಮುಂತುದಿ ಕೂಡಿಸಿ ಹಿಂತುದಿ ಅಗಲಿಸುವ ಸ್ನೋಪ್ಲೌ, ಅದು ಕೈಗೂಡಿದ ಮೇಲೆ ಮುಂದಿನ ತಿರುವು, ಅದಾದ ಮೇಲೆ ಇನ್ನೊಂದು. ಒಂದನ್ನು ಕಲಿಯದೆ ಮುಂದಿನ ಗುಂಪಿಗೆ ಹೋಗುವಂತಿಲ್ಲ. ಇಂದು ಜಗತ್ತಿನ ಯಾವ ಸ್ಕೀ ಶಾಲೆಗೆ ಹೋದರೂ ಸಿಗುವ ಮೆಟ್ಟಿಲುಗಳ ಮೂಲ ಅದೇ. 1950ರ ಹೊತ್ತಿಗೆ ಜಗಳ ದೇಶದೇಶಗಳದ್ದಾಯಿತು. ಎಮಿಲ್ ಅಲೇಯ ದಾರಿಯಲ್ಲಿ ನಡೆದ ಫ್ರೆಂಚರು ತಿರುವಿನೊಂದಿಗೆ ಭುಜವನ್ನೂ ತಿರುಗಿಸಬೇಕೆಂದರು. ಸ್ಟೆಫಾನ್ ಕ್ರುಕೆನ್‌ಹೌಸರನ ಆಸ್ಟ್ರಿಯನ್ನರು ಭುಜ ಸುಮ್ಮನಿರಬೇಕು, ಕಾಲಷ್ಟೇ ಕೆಳಗೆ ಆಡಬೇಕೆಂದರು. ಯಾವ ದೇಶದಲ್ಲಿ ಕಲಿತವರೆಂದು ದೂರದಿಂದಲೇ ಭುಜ ನೋಡಿ ಹೇಳಬಹುದಿತ್ತಂತೆ. ನಾಮ ಮುದ್ರೆಗಳ ನಾಡಿನಿಂದ ಬಂದ ನನಗೆ ಇದು ಅಪರಿಚಿತವೆನಿಸಲಿಲ್ಲ.

ನಾನು ಹಿಡಿದ ಪಕ್ಷ ಸಹಸಂಶೋಧಕನದು. ಅದಕ್ಕೆ ಕಾರಣ ತಾತ್ವಿಕ ಎಂದು ಆಗ ನಂಬಿದ್ದೆ. ಈಗ ಅನ್ನಿಸುತ್ತದೆ, ಅದರಲ್ಲಿ ಅರ್ಧ ಹಳೆಯ ಸಿಟ್ಟು. ನಮ್ಮ ಬಾಲ್ಯದಷ್ಟು ಡ್ರಿಲ್ ತುಂಬಿದ ಬಾಲ್ಯ ಇನ್ನೆಲ್ಲಿದೆ? ಕಾಪಿ ಬರಹ, ಮಗ್ಗಿ, ಶನಿವಾರ ಬೆಳಗಿನ ಕವಾಯತು. ಆರು ವರ್ಷ ಸಂಗೀತ ಪಾಠಕ್ಕೆ ಹೋಗಿ ಸರಳೆ ವರಸೆ, ಜಂಟಿ ವರಸೆಗಳನ್ನು ಮೂರು ಕಾಲದಲ್ಲಿ ಹೇಳಿದ್ದೇನೆ. ನಾಲ್ಕು ಜನರ ಮುಂದೆ ಒಂದು ಕೃತಿ ಹಾಡಿದ್ದಿಲ್ಲ. ಶಿಕ್ಷಣಕ್ಕೂ ಶಿಕ್ಷೆಗೂ ಒಂದೇ ಧಾತು ಎಂಬುದನ್ನು ನಮ್ಮ ಮೇಷ್ಟರುಗಳು ವ್ಯಾಕರಣ ಓದದೆಯೂ ಬಲ್ಲವರಾಗಿದ್ದರು. ಪಿಎಚ್‌ಡಿಗೆ ಬಂದ ಮೇಲೆ ಡ್ರಿಲ್‌ನ ಇನ್ನೊಂದು ಮುಖ ಕಂಡಿತು: ಅದು ಬಚ್ಚಿಟ್ಟುಕೊಳ್ಳುವ ಜಾಗ. ಟಿಪ್ಪಣಿ ಮಾಡುವುದು, ಆಕರ ಸೂಚಿ ಜೋಡಿಸುವುದು, ಅಧ್ಯಾಯದ ನೀಲನಕ್ಷೆಯನ್ನು ಹತ್ತನೆಯ ಸಲ ತಿದ್ದುವುದು. ಅಲ್ಲಿ ಸೋಲಿಲ್ಲ. ಸೋಲು ಇರುವುದು ಅಧ್ಯಾಯ ಬರೆದಾಗ. ಆದ್ದರಿಂದ ಬೆಟ್ಟದ ಮೇಲಾದರೂ ತಯಾರಿಯ ಈ ರೋಗ ಬೇಡವೆಂದುಕೊಂಡೆ. ನವೆಂಬರಿನಲ್ಲಿ ಗೆಳತಿ ಎರಡು ಶನಿವಾರ ಅಡ್ಡಜಾರು ಮಾಡಿಸಿದಳು. ಮೂರನೆಯ ಶನಿವಾರ ನಾನು ಹೋಗಲಿಲ್ಲ, ಸಹಸಂಶೋಧಕನ ಜೊತೆ ಮೇಲಿನ ಲಿಫ್ಟ್ ಹತ್ತಿದೆ. ಫೆಬ್ರುವರಿಯ ಹೊತ್ತಿಗೆ ನಡುಮಟ್ಟದ ಕೆಂಪು ದಾರಿಗಳಲ್ಲಿ ಇಳಿಯುತ್ತಿದ್ದೆ. ನೋಡಲು ತಕ್ಕಮಟ್ಟಿಗೆ ಚೆನ್ನಾಗಿಯೂ ಇತ್ತು. ಅವನು ತೆಗೆದ ವಿಡಿಯೊವನ್ನು ಮನೆಯವರಿಗೆ ಕಳಿಸಿದ್ದೆ.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ. ವಸಂತದ ಹಿಮ ಬೆಳಿಗ್ಗೆ ಗಟ್ಟಿ, ಮಧ್ಯಾಹ್ನ ಒದ್ದೆ ಸಕ್ಕರೆ. ಎರಡು ದಾರಿ ಸೇರಿ ಕಿರಿದಾಗುವ ಒಂದು ಕಡೆ, ಅಂಚಿನಲ್ಲಿ, ಒಬ್ಬರು ನನಗೆ ಬೆನ್ನು ಹಾಕಿ ಬಗ್ಗಿ ಬೂಟಿನ ಕೊಂಡಿ ಸರಿಮಾಡಿಕೊಳ್ಳುತ್ತಿದ್ದರು. ನಲವತ್ತು ಮೀಟರಿನಷ್ಟು ದೂರದಿಂದಲೇ ಅವರು ಕಂಡರು. ಏನು ಮಾಡಬೇಕೆಂಬುದು ಗೊತ್ತಿತ್ತು: ಎರಡೂ ಸ್ಕೀಗಳನ್ನು ಇಳಿಜಾರಿಗೆ ಅಡ್ಡ ತಿರುಗಿಸಬೇಕು, ಕ್ಷಣಕಾಲ ಚಪ್ಪಟೆಯಾಗಿ ಜಾರಲು ಬಿಟ್ಟು ಅಂಚು ಕೊಡಬೇಕು. ಬೇಕಿದ್ದರೆ ಅದರ ಭೌತಶಾಸ್ತ್ರವನ್ನೂ ವಿವರಿಸಬಲ್ಲವನಂತೆ ಗೊತ್ತಿತ್ತು. ಕಾಲುಗಳು ಅದನ್ನು ಮಾಡಲಿಲ್ಲ. ಅವು ತಮಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದವು, ಮೊದಲ ವಾರ ಕಲಿತ ಸ್ನೋಪ್ಲೌ. ಆ ವೇಗದಲ್ಲಿ, ಆ ಒದ್ದೆ ಹಿಮದಲ್ಲಿ ಅದು ಹಿಡಿಯಲಿಲ್ಲ. ದೇಹ ಹಿಂದಕ್ಕೆ ವಾಲಿತು. ಹಿಂದಕ್ಕೆ ವಾಲಿದರೆ ಸ್ಕೀ ಇನ್ನೂ ಓಡುತ್ತದೆ.

ಅವರು ಅರವತ್ತು ದಾಟಿದವರು. ಬಿದ್ದಲ್ಲಿಂದ ಎದ್ದು ಕೂತು, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ನನ್ನನ್ನು ಕೇಳಿದರು: ನೀವು ನನ್ನನ್ನು ನೋಡಲಿಲ್ಲವೇ? ನೋಡಿದೆ ಎಂದೆ. ಆ ವಾಕ್ಯಕ್ಕೆ ಇನ್ನೊಂದು ಭಾಗ ಇರುತ್ತದೆಂದು ಅವರು ಕಾದರು. ನನ್ನಲ್ಲಿ ಇರಲಿಲ್ಲ.

ಬೆಟ್ಟದ ರಕ್ಷಣಾ ಪಡೆಯವರು ಬಂದು ಅವರನ್ನು ಜಾರುಗಾಡಿಯಲ್ಲಿ ಮಲಗಿಸಿಕೊಂಡು ಹೋದರು. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದ ಹತ್ತು ನಿಯಮಗಳಿವೆ, ಲಿಫ್ಟಿನ ಕಂಬಗಳ ಬಳಿ ಬರೆದು ಹಾಕಿರುತ್ತಾರೆ. ಅದರಲ್ಲಿ ಹತ್ತನೆಯದು ಅಪಘಾತವಾದರೆ ಹೆಸರು ವಿಳಾಸ ಕೊಡಬೇಕೆನ್ನುವುದು. ಕೊಟ್ಟೆ. ಸಂಜೆ ಸಹಸಂಶೋಧಕ ನನ್ನನ್ನು ಸಮಾಧಾನಪಡಿಸಲು ಆರನೆಯದನ್ನು ನೆನಪಿಸಿದ: ಕಿರಿದಾದ ಕಡೆ ಅನಗತ್ಯವಾಗಿ ನಿಲ್ಲಬಾರದು. ಅವರೂ ತಪ್ಪು ಮಾಡಿದ್ದಾರಲ್ಲ ಎಂದ. ಆ ರಾತ್ರಿ ಮಲಗುವವರೆಗೂ ಆರನೆಯ ನಿಯಮವನ್ನು ನಾನು ಬಾಯಲ್ಲಿಟ್ಟುಕೊಂಡು ಚೀಪಿದೆ, ಸುಳ್ಳು ಹೇಳುವುದಿಲ್ಲ. ಆದರೆ ಅದಕ್ಕಿಂತ ಮೊದಲು ಮೂರನೆಯದಿದೆ. ಹಿಂದಿನಿಂದ, ಅಂದರೆ ಮೇಲಿನಿಂದ, ಬರುವವರು ತಮ್ಮ ಮುಂದಿರುವವರಿಗೆ ಅಪಾಯವಾಗದಂತೆ ದಾರಿ ಆರಿಸಿಕೊಳ್ಳಬೇಕು. ಕೆಳಗಿರುವವರಿಗೆ ಬೆನ್ನಲ್ಲಿ ಕಣ್ಣಿಲ್ಲ. ಮೇಲಿರುವವರಿಗೆ ಕಣ್ಣೂ ಇದೆ, ವೇಗವೂ ಇದೆ. ಹಾಗಾಗಿ ಹೊಣೆಯೂ ಅವರದೇ.

ಈ ಮೂರನೆಯ ನಿಯಮದ ಮುಂದೆ ನಮ್ಮ ಮಧ್ಯಾಹ್ನದ ವಾದವನ್ನು ಇಟ್ಟು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಕ್ಲಾಮರ್, ಶಿಫ್ರಿನ್, ಮಿಲ್ಲರ್. ನಾವು ಕರೆದ ಸಾಕ್ಷಿಗಳೆಲ್ಲ ಬೇಲಿ ಹಾಕಿ, ಜನರನ್ನು ಆಚೆ ಕಳಿಸಿ, ಒಬ್ಬೊಬ್ಬರಾಗಿ ಇಳಿದವರು. 1976ರ ಆ ದಿನ ಪಾಚರ್‌ಕೋಫೆಲ್‌ನ ಓಟದ ದಾರಿಯಲ್ಲಿ ಬೂಟಿನ ಕೊಂಡಿ ಸರಿಮಾಡಿಕೊಳ್ಳುತ್ತ ಯಾರೂ ನಿಂತಿರಲಿಲ್ಲ. ಅಲ್ಲಿ ತಪ್ಪಿದರೆ ಮುರಿಯುವುದು ಕ್ಲಾಮರನ ಮೂಳೆ ಮಾತ್ರ. ಡ್ರಿಲ್ ಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ನಾವು ಪೂರ್ತಿ ಇಳಿಯುವವರ ಕಡೆಯಿಂದಲೇ ಕೇಳುತ್ತಿದ್ದೆವು. ನನಗೆ ಇದರಿಂದ ಲಾಭವೇ? ನಾನು ಇನ್ನೂ ವೇಗವಾಗಿ, ಸಹಜವಾಗಿ, ಸುಂದರವಾಗಿ ಇಳಿಯುತ್ತೇನೆಯೇ? ಕೆಳಗೆ ನಿಂತವರನ್ನು ಒಮ್ಮೆಯೂ ಕೇಳಿರಲಿಲ್ಲ. ಅವರಿಗೆ ನನ್ನ ಭುಜ ಹೇಗಿದೆ ಎಂಬುದು ಬೇಕಿಲ್ಲ. ಒಂದೇ ಒಂದು ವಿಷಯ ಗೊತ್ತಾಗಬೇಕು, ನಾನು ನಿಲ್ಲಬಲ್ಲೆನೇ ಎಂಬುದು.

ಗಿಲ್ಬರ್ಟ್ ರೈಲ್ 1949ರ ತನ್ನ ಮನಸ್ಸಿನ ಕುರಿತ ಪುಸ್ತಕದಲ್ಲಿ ಡ್ರಿಲ್ ಬೇರೆ, ತರಬೇತಿ ಬೇರೆ ಎನ್ನುತ್ತಾನೆ. ಡ್ರಿಲ್ ಬುದ್ಧಿಯನ್ನು ಬಿಟ್ಟುಕೊಡುವಂಥದ್ದು, ತರಬೇತಿ ಅದನ್ನು ಬೆಳೆಸುವಂಥದ್ದು. ಅವನ ಉದಾಹರಣೆ ನಮ್ಮ ವಿಷಯಕ್ಕೆ ಹತ್ತಿರದ್ದೇ: ಗಾಳಿಯಲ್ಲಿ, ಕತ್ತಲಲ್ಲಿ, ಹಿಮಗಟ್ಟಿದ ಬಂಡೆಗಳ ಮೇಲೆ ನಡೆಯುವ ಪರ್ವತಾರೋಹಿ ಕುರುಡು ರೂಢಿಯಿಂದ ನಡೆಯುವುದಿಲ್ಲ, ಪ್ರತಿ ಹೆಜ್ಜೆಯಲ್ಲೂ ಎಚ್ಚರವಾಗಿರುತ್ತಾನೆ. ಅಪಘಾತಕ್ಕೆ ಮುಂಚೆ ಈ ಪುಟಗಳನ್ನು ನನ್ನ ಪಕ್ಷದ ಆಧಾರವಾಗಿ ಗೆಳತಿಗೆ ಓದಿ ಹೇಳಿದ್ದೆ. ರೈಲ್ ಹೇಳುವುದು ಸರಿಯೇ. ಆದರೆ ಅವನ ಪರ್ವತಾರೋಹಿ ನಡೆಯುತ್ತಿದ್ದಾನೆ. ನಿಂತು ಯೋಚಿಸಬಲ್ಲ. ಜಾರುವವರಿಗೆ ಆ ಸೌಕರ್ಯವಿಲ್ಲ. ಎಚ್ಚರ ನನಗೂ ಇತ್ತು, ಬುದ್ಧಿಯೂ ಕೆಲಸ ಮಾಡುತ್ತಿತ್ತು; ಆ ಎರಡು ಸೆಕೆಂಡಿನಲ್ಲಿ ಬುದ್ಧಿ ಕೊಟ್ಟ ಆಜ್ಞೆಯನ್ನು ಪಾಲಿಸುವ ಕೈಕಾಲು ಇರಲಿಲ್ಲ. ಆ ಎರಡು ಸೆಕೆಂಡಿನಲ್ಲಿ ನಾನು ಅವರಿಗೆ ಸಲ್ಲಿಸಬೇಕಾಗಿದ್ದದ್ದನ್ನು ಆ ಎರಡು ಸೆಕೆಂಡಿನಲ್ಲಿ ಸಲ್ಲಿಸಲು ಸಾಧ್ಯವೇ ಇರಲಿಲ್ಲ. ಅದನ್ನು ನವೆಂಬರಿನ ಮೂರನೆಯ ಶನಿವಾರ ಸಲ್ಲಿಸಬೇಕಿತ್ತು.

ನನ್ನ ತಪ್ಪು ಯಾವತ್ತು ನಡೆಯಿತು ಎಂದು ಯಾರಾದರೂ ಕೇಳಿದರೆ ಮಾರ್ಚ್ ಎನ್ನಲಾರೆ. ಮಾರ್ಚ್‌ನಲ್ಲಿ ನಾನು ಮಾಡಬಹುದಾದದ್ದನ್ನೆಲ್ಲ ಮಾಡಿದೆ. ಅದಕ್ಕೇ ಈ ತಪ್ಪು ಕಾಡುವುದು. ಸಾಮಾನ್ಯವಾಗಿ ನಾವು ತಪ್ಪನ್ನು ಒಂದು ನಿರ್ಧಾರದಲ್ಲಿ ಹುಡುಕುತ್ತೇವೆ. ಇಲ್ಲಿ ನಿರ್ಧಾರ ಒಂದು ಬಿಸಿಲಿನ ಬೆಳಿಗ್ಗೆ, ಯಾರೂ ಎದುರಿಗಿಲ್ಲದಾಗ, ಬೇಸರವಾಗಿದೆ ಎಂಬಷ್ಟೇ ಕಾರಣಕ್ಕೆ ಆಗಿಹೋಗಿತ್ತು. ಆಗ ಅದು ನಿರ್ಧಾರದಂತೆಯೂ ಕಂಡಿರಲಿಲ್ಲ.

ಸಹಸಂಶೋಧಕನ ಮಾತಿಗೆ, ಅಂದರೆ ಇಳಿಯುತ್ತ ಇಳಿಯುತ್ತ ಕಾಲು ಕಲಿಯುತ್ತದೆ ಎಂಬುದಕ್ಕೆ, ಅರಿಸ್ಟಾಟಲನ ಬೆಂಬಲವಿದೆ. ಮನೆ ಕಟ್ಟುತ್ತ ಮನೆ ಕಟ್ಟುವವರಾಗುತ್ತೇವೆ, ಲೈರ್ ನುಡಿಸುತ್ತ ವಾದಕರಾಗುತ್ತೇವೆ, ನ್ಯಾಯದ ಕೆಲಸ ಮಾಡುತ್ತ ನ್ಯಾಯವಂತರಾಗುತ್ತೇವೆ. ಆದರೆ ಅದೇ ಪುಟದಲ್ಲಿ ಅವನು ಇನ್ನೊಂದು ಮಾತು ಸೇರಿಸುತ್ತಾನೆ, ಅದನ್ನು ನೆನಪಿಡುವವರು ಕಡಿಮೆ. ಕೆಟ್ಟ ವಾದಕರು ಹುಟ್ಟುವುದೂ ನುಡಿಸುವುದರಿಂದಲೇ. ಕನ್ನಡದಲ್ಲಿ ಇದನ್ನು ಹೇಳಲು ತತ್ವಜ್ಞಾನಿ ಬೇಕಿಲ್ಲ, ಒಂದು ಪದ ಸಾಕು. ವಿದ್ಯೆಯೂ ಅಭ್ಯಾಸ, ಚಟವೂ ಅಭ್ಯಾಸ. ಅಭ್ಯಾಸ ಮಾಡು ಎಂದರೆ ಹಿರಿಯರ ಬುದ್ಧಿಮಾತು. ಅಭ್ಯಾಸವಾಗಿಬಿಟ್ಟಿದೆ ಎಂದರೆ ಕೈಚೆಲ್ಲಿದವರ ಮಾತು. ಒಂದರಲ್ಲಿ ನಾವು ಮಾಡುತ್ತೇವೆ, ಇನ್ನೊಂದರಲ್ಲಿ ಅದು ನಮಗೆ ಆಗುತ್ತದೆ. ನಾನು ಡ್ರಿಲ್ ಬಿಟ್ಟಿದ್ದೆ ನಿಜ, ಅಭ್ಯಾಸ ಬಿಟ್ಟಿರಲಿಲ್ಲ. ಪ್ರತಿ ಇಳಿತದ ಕೊನೆಯಲ್ಲಿ ನೆಲ ಸಮತಟ್ಟಾಗುವವರೆಗೆ ಕಾದು, ವೇಗ ತಾನೇ ಇಳಿಯಲು ಬಿಟ್ಟು ನಿಲ್ಲುತ್ತಿದ್ದೆ. ನಾನು ನಿಲ್ಲುತ್ತಿರಲಿಲ್ಲ, ಬೆಟ್ಟ ನನ್ನನ್ನು ನಿಲ್ಲಿಸುತ್ತಿತ್ತು. ಒಂದು ಋತು ಪೂರ್ತಿ, ನೂರಾರು ಸಲ, ನಾನು ಶ್ರದ್ಧೆಯಿಂದ ನಿಲ್ಲದಿರುವುದನ್ನು ಅಭ್ಯಾಸ ಮಾಡಿದ್ದೆ.

ಹಾಗೆಂದು ಗೆಳತಿಯ ಪಕ್ಷಕ್ಕೆ ಪೂರ್ತಿ ಹಾರಿದ್ದೇನೆ ಎಂದಲ್ಲ. ರೂಪದ ಕಟ್ಟುಪಾಡುಗಳೆಲ್ಲ ಯಾರಿಗೋ ಸಲ್ಲಬೇಕಾದ ಋಣವೇನಲ್ಲ. ಸ್ವೀಡನ್ನಿನ ಯಾನ್ ಬೊಕ್ಲೊವ್ ಎಂಬ ಸ್ಕೀ ಜಿಗಿತಗಾರನ ಕತೆ ಇಲ್ಲಿ ಹೇಳಬೇಕು. ಜಿಗಿತದಲ್ಲಿ ದೂರಕ್ಕೆ ಅಂಕವಿದೆ, ಶೈಲಿಗೂ ಐವರು ತೀರ್ಪುಗಾರರ ಅಂಕವಿದೆ. ಗಾಳಿಯಲ್ಲಿ ಎರಡು ಸ್ಕೀಗಳೂ ಸಮಾನಾಂತರವಾಗಿರಬೇಕು ಎಂಬುದು ಅಂದಿನ ಸೌಂದರ್ಯ. 1980ರ ದಶಕದ ನಡುವೆ ಬೊಕ್ಲೊವ್ ಸ್ಕೀಗಳ ಮುಂತುದಿಯನ್ನು ಇಂಗ್ಲಿಷಿನ ವಿ ಅಕ್ಷರದಂತೆ ಅಗಲಿಸಿ ಹಾರತೊಡಗಿದ. ಗಾಳಿ ಹೆಚ್ಚು ಎತ್ತಿ ಹಿಡಿಯುತ್ತಿತ್ತು, ದೂರ ಹೆಚ್ಚುತ್ತಿತ್ತು. ತೀರ್ಪುಗಾರರು ಶೈಲಿಯ ಅಂಕ ಕತ್ತರಿಸುತ್ತಲೇ ಹೋದರು. ಕತ್ತರಿಸಿಕೊಂಡೂ ಅವನು 1988–89ರ ವಿಶ್ವಕಪ್ ಗೆದ್ದ. ಕೆಲವೇ ವರ್ಷಗಳಲ್ಲಿ ಎಲ್ಲರೂ ಅವನಂತೆಯೇ ಹಾರತೊಡಗಿದರು. ಆ ಸಮಾನಾಂತರ ಸ್ಕೀಗಳು ಯಾರನ್ನು ಕಾಪಾಡುತ್ತಿದ್ದವು? ಯಾರನ್ನೂ ಇಲ್ಲ, ಕೆಲವರ ಕಣ್ಣಿನ ರೂಢಿಯನ್ನು ಬಿಟ್ಟರೆ. ಬಿಲ್ಗೆರಿಯ ಎರಡನೆಯ ಕೋಲೂ ಹಾಗೆಯೇ. ಜ್ದಾರ್ಸ್ಕಿಯ ಬಗ್ಗೆ ನನಗೆ ಬೇಸರವಾಗುವುದು ಇಲ್ಲಿ: ಕಡಿದಾದ ಬೆಟ್ಟದಲ್ಲಿ ಹೊಸಬರೂ ಹಿಡಿತದಲ್ಲಿ ಇಳಿಯಬೇಕು ಎಂಬ ಒಳ್ಳೆಯ ಕಾರಣಕ್ಕೆ ಶುರುವಾದ ವಿಧಾನ, ಒಂದು ಕೋಲಿನ ಮರ್ಯಾದೆಯ ಪ್ರಶ್ನೆಯಾಗಿ ನಿಂತಿತು. ಶಿಫ್ರಿನ್‌ಳ ಡ್ರಿಲ್ ಅವಳ ಸಾಧನೆಗೆ. ಮೆಚ್ಚುತ್ತೇನೆ, ಆದರೆ ಅದನ್ನು ಅವಳು ಮಾಡದಿದ್ದರೆ ಯಾರಿಗೂ ಅನ್ಯಾಯವಾಗುತ್ತಿರಲಿಲ್ಲ. ಭರ್ಜಿ ತಿರುವನ್ನು ನಾನು ಇಂದಿಗೂ ಮಾಡುವುದಿಲ್ಲ. ಅಡ್ಡಜಾರಿನ ಮಾತು ಬೇರೆ.

ಏಪ್ರಿಲಿನಲ್ಲಿ ಅವರನ್ನು ನೋಡಲು ಹೋಗಿದ್ದೆ, ಒಂದು ಕೇಕ್ ತೆಗೆದುಕೊಂಡು. ಮಣಿಕಟ್ಟಿಗೆ ಇನ್ನೂ ಪಟ್ಟಿ ಇತ್ತು. ಬೆಟ್ಟದ ದಾರಿಗಳಲ್ಲಿ ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಅವರ ಹೆಂಡತಿ ಕೇಕ್ ಕತ್ತರಿಸುವವರೆಗೆ ನಾವಿಬ್ಬರೂ ಹವೆಯ ಬಗ್ಗೆ ಮಾತಾಡಿದೆವು. ಮಾತಿನ ನಡುವೆ ಅವ ಹೇಳಿದರು, ಡಿಪೊದಿಂದ ಹೊರಟ ಮೇಲೆ ಮೊದಲ ಇಳಿಜಾರಿಗೆ ಮುಂಚೆ, ಬಸ್ಸಿನಲ್ಲಿ ಯಾರೂ ಹತ್ತಿರದಿರುವಾಗಲೇ, ಒಮ್ಮೆ ಬ್ರೇಕ್ ಒತ್ತಿ ಪೂರ್ತಿ ನಿಲ್ಲಿಸಿ ನೋಡುತ್ತಿದ್ದೆ ಎಂದು. ಪ್ರತಿದಿನವೂ? ಎಂದೆ. ದಿನಾ ಎಂದರು. ಬೇಸರವಾಗುತ್ತಿರಲಿಲ್ಲವೇ ಎಂದು ಕೇಳಲು ಹೊರಟು, ಕೇಳಲಿಲ್ಲ.

ಸಹಸಂಶೋಧಕನ ಆಕ್ಷೇಪದಲ್ಲಿ ಒಂದು ಭಾಗ ಮಾತ್ರ ಇನ್ನೂ ಉಳಿದಿದೆ. ಖಾಲಿ ಇಳಿಜಾರಿನಲ್ಲಿ ಮಾಡಿದ ಡ್ರಿಲ್ ಜನ ತುಂಬಿದ ಇಳಿಜಾರಿನಲ್ಲಿ ನೆರವಿಗೆ ಬರುತ್ತದೆಯೇ? ಚಲನೆಯ ಕಲಿಕೆ ಕುರಿತು 1979ರಲ್ಲಿ ಜಾನ್ ಶೀ ಮತ್ತು ರಾಬಿನ್ ಮಾರ್ಗನ್ ಮಾಡಿದ ಒಂದು ಪ್ರಯೋಗವಿದೆ. ಕೈಯಲ್ಲಿ ಟೆನಿಸ್ ಚೆಂಡು ಹಿಡಿದು ಪುಟ್ಟ ಮರದ ತಡೆಗಳನ್ನು ಗೊತ್ತಾದ ಕ್ರಮದಲ್ಲಿ ಬೀಳಿಸಬೇಕು. ಒಂದೇ ಕ್ರಮವನ್ನು ಸತತವಾಗಿ ಮಾಡಿ ಮುಗಿಸಿ ಮುಂದಿನದಕ್ಕೆ ಹೋದವರು ಅಭ್ಯಾಸದ ಹೊತ್ತಿನಲ್ಲಿ ಚುರುಕಾಗಿದ್ದರು. ಕ್ರಮಗಳನ್ನು ಕಲಸಿ ಮಾಡಿದವರು ತಡವರಿಸಿದರು. ಹತ್ತು ದಿನ ಬಿಟ್ಟು ನೋಡಿದರೆ ತಡವರಿಸಿದವರೇ ಮುಂದಿದ್ದರು. ಅಂದರೆ ಡ್ರಿಲ್ ಸಲೀಸಾಗಿ ಬರುತ್ತಿದೆ ಎಂಬ ಹಿತವನ್ನೇ ಅನುಮಾನಿಸಬೇಕು. ನನ್ನ ಸಂಗೀತ ಪಾಠದ ಆರು ವರ್ಷಗಳ ಬಗ್ಗೆ ಇದರಿಂದ ಸ್ವಲ್ಪ ತಿಳಿವಳಿಕೆ ಬಂತು.

ಇದನ್ನು ಮುಂದಿನ ನವೆಂಬರಿನಲ್ಲಿ ಗೆಳತಿಗೆ ಹೇಳಿದೆ. ಮಕ್ಕಳ ಇಳಿಜಾರಿನ ಒಂದು ಬದಿ, ಹಗ್ಗ ಕಟ್ಟಿ ಬಿಟ್ಟಿದ್ದ ಜಾಗ. ನಾಲ್ಕೈದು ವರ್ಷದ ಮಕ್ಕಳು ಕೋಳಿಮರಿಗಳಂತೆ ಸಾಲಾಗಿ ನನ್ನ ಪಕ್ಕದಿಂದ ಇಳಿದು ಹೋಗುತ್ತಿದ್ದರು, ಒಂದು ಮಗು ನನಗೆ ಕೈ ಬೀಸಿತು. ನಾನು ಅಡ್ಡ ನಿಂತು, ಜಾರಿ, ನಿಂತು, ಜಾರಿ, ನಿಂತು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಇಪ್ಪತ್ತು ನಿಮಿಷ ಮಾಡಿದ್ದೆ. ಚೆನ್ನಾಗಿಯೇ ಬರುತ್ತಿತ್ತು. ಅವಳು ನನ್ನ ಮಾತನ್ನು ಪೂರ್ತಿ ಕೇಳಿ, ಏನೂ ಹೇಳದೆ, ಮೂವತ್ತು ಮೀಟರು ಕೆಳಗಿಳಿದಳು. ಅಲ್ಲಿ ನಿಂತು ಕೈಗವಸು ತೆಗೆದು ತೋಳಿನ ಸಂದಿಯಲ್ಲಿಟ್ಟುಕೊಂಡಳು. ನನಗೆ ಬೆನ್ನು ತಿರುಗಿಸಿದಳು. ಬಗ್ಗಿ ಬೂಟಿನ ಕೊಂಡಿ ಬಿಚ್ಚಿದಳು.

ಬಾ ಎಂದಳು, ತಿರುಗಿ ನೋಡದೆ. ನೇರವಾಗಿ ಬಾ, ನನ್ನ ಹತ್ತಿರಕ್ಕೆ.

ನಾನು ಅವಳ ನೀಲಿ ಜಾಕೆಟ್ಟಿನ ಬೆನ್ನನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತೆ. ಆಮೇಲೆ ಸ್ಕೀಯ ತುದಿಗಳನ್ನು ಕೆಳಕ್ಕೆ ತಿರುಗಿಸಿದೆ.